ಕುಡಿದು ಸತ್ತವಳ ಕಥೆ ಏಕೆ ನೋಡಬೇಕು?

ಪ್ರಶ್ನೆ: ಗಾಯಕಿ ಏಮಿ ವೈನ್‌ಹೌಸ್ ಕುರಿತ 2015ರ ಸಾಕ್ಷ್ಯಚಿತ್ರ ‘ಏಮಿ’ ನೋಡುತ್ತಿದ್ದೆ. “ಕುಡಿದು ಸತ್ತವಳ ಕಥೆ ಏಕೆ?” ಎಂದರು ಅಮ್ಮ. ಏನು ಹೇಳಲಿ?
– ಓದುಗರೊಬ್ಬರು, ಕುಂಬಳೆ

ಉತ್ತರ: ಅಮ್ಮನ ಮಾತು ಅರ್ಧ ಸರಿ. 2011ರ ಜುಲೈ 23ರಂದು, 27ರ ಪ್ರಾಯದಲ್ಲಿ ತೀರಿಕೊಂಡಾಗ ಆಕೆಯ 100 ಮಿ.ಲೀ. ರಕ್ತದಲ್ಲಿ 416 ಮಿ.ಗ್ರಾಂ. ಮದ್ಯಸಾರವಿತ್ತು. ನಮ್ಮಲ್ಲಿ ಅದು 30 ಮಿ.ಗ್ರಾಂ. ದಾಟಿದವನು ಸ್ಕೂಟರ್ ಓಡಿಸುವಂತಿಲ್ಲ! ಆದರೆ ನಿರ್ದೇಶಕ ಆಸಿಫ್ ಕಪಾಡಿಯಾ ಆಕೆಯನ್ನು ಮನೆಬಾಗಿಲಲ್ಲೇ ಮುತ್ತುವ ಪತ್ರಿಕೆಯವರ ಕ್ಯಾಮೆರಾಗಳನ್ನೂ ತೋರಿಸುತ್ತಾರೆ; ನನಗೆ ಹೊಟ್ಟೆ ತೊಳಸಿತು. ಸಾಯುವ ತಿಂಗಳ ಹಿಂದೆ ಸರ್ಬಿಯಾದ ಬೆಲ್‌ಗ್ರೇಡ್‌ನ ವೇದಿಕೆಯಲ್ಲಿ ತೂರಾಡಿದವಳನ್ನು ಜನ ಕೂಗಿ ಹಳಿದರು. ನಾವೇನು ಕಡಿಮೆ? ಯಕ್ಷಗಾನದ ಭಾಗವತರ ಸ್ವರ ಬಿದ್ದಿದ್ದರೂ ಬೆಳಗಿನವರೆಗೆ ಹಾಡಲೇಬೇಕೆನ್ನುವವರು ಕಾಸರಗೋಡಿನಲ್ಲೂ ಇದ್ದಾರೆ. ಅಮ್ಮನಿಗೆ ಅಮೆರಿಕದ ಹಿರಿಯ ಗಾಯಕ ಟೋನಿ ಬೆನೆಟ್ ಜೊತೆಗಿನ ಧ್ವನಿಮುದ್ರಣದ ಭಾಗ ಮೊದಲು ತೋರಿಸಿ. ಐದು ಗ್ರ್ಯಾಮಿ ಸಂಗೀತ ಪ್ರಶಸ್ತಿ ಗೆದ್ದವಳು ಅಲ್ಲಿ ಹೊಸ ಶಿಷ್ಯೆಯಂತೆ ಅಳುಕುತ್ತಾಳೆ.