ಓದುಗರ ಪ್ರಶ್ನೆ: ನನ್ನ ನ್ಯೂಸ್‌ಲೆಟರ್ ಯಾರಿಗಾಗಿ?

ಪ್ರಶ್ನೆ: ನಾನು ಉಡುಪಿಯವನು. ಮಣಿಪಾಲದಲ್ಲಿ ಕೆಲಸದಲ್ಲಿದ್ದೆ, ಈಗ ಬಿಟ್ಟಿದ್ದೇನೆ. ಒಂದು ವರ್ಷದಿಂದ ಪ್ರತಿ ಶನಿವಾರ ಕನ್ನಡದಲ್ಲಿ ಇಮೇಲ್ ನ್ಯೂಸ್‌ಲೆಟರ್ ಕಳಿಸುತ್ತೇನೆ. ಯಕ್ಷಗಾನ, ಮಲ್ಪೆಯ ಮೀನು, ಅಡುಗೆ, ಜಾತ್ರೆ, ನಮ್ಮೂರಿನ ಬ್ಯಾಂಕುಗಳ ಇತಿಹಾಸ, ಸೈಟಿನ ರೇಟು, ಎಲ್ಲ ಉಂಟು. ಸುಮಾರು 900 ಜನ ಇದ್ದಾರೆ, ಅಲ್ಲಿಗೇ ನಿಂತಿದೆ. ಆದಾಯ ಇಲ್ಲ. ಶುಕ್ರವಾರ ರಾತ್ರಿ ಏನು ಬರೆಯುವುದೆಂದೇ ತೋಚುವುದಿಲ್ಲ. ಒಬ್ಬರು ಇಂಗ್ಲಿಷಿನಲ್ಲಿ ಮಾಡು ಅನ್ನುತ್ತಾರೆ, ಇನ್ನೊಬ್ಬರು ವಿಡಿಯೊ ಮಾಡು ಅನ್ನುತ್ತಾರೆ. ಸೈಟ್ ಮಾರುವವರೊಬ್ಬರು ಜಾಹೀರಾತು ಕೊಡ್ತೇವೆ ಅಂದಿದ್ದಾರೆ. ಉತ್ತರ ಬರೆಯುವ ಓದುಗರು ಕಡಿಮೆ. ಬರೆಯುವವರೂ ಹೆಚ್ಚಾಗಿ ಮುಂಬೈ, ಬೆಂಗಳೂರು, ದುಬೈಯವರು. ‘ಮಾರ್ಚಲ್ಲಿ ಬರ್ತೇನೆ, ನಮ್ಮ ಕಡೆ ಯಕ್ಷಗಾನದ ಆಟ ಉಂಟಾ?’ ಅಂತ ಕೇಳುತ್ತಾರೆ. ಅವರಿಗೆಲ್ಲ ಉತ್ತರಿಸಿ ಸಾಕಾಗಿದೆ. ಒಂದೇ ವಿಷಯ ಹಿಡಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ‘ಮಂಗಳೂರ ಸಮಾಚಾರ’ದಲ್ಲೂ ಎಲ್ಲವೂ ಇತ್ತಲ್ವಾ? ನಾನು ಯಾವ ವಿಷಯ ಹಿಡಿಯಲಿ?

ಉತ್ತರ: ‘ಮಂಗಳೂರ ಸಮಾಚಾರ’ದ ಮಾತು ಮೊದಲು. ನೀವು ಹೇಳಿದ್ದು ಸರಿ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಶುರು ಮಾಡಿದ ಆ ಪಾಕ್ಷಿಕದಲ್ಲಿ ಊರ ಸುದ್ದಿ, ಸರ್ಕಾರದ ಆದೇಶ, ಕಥೆ, ಹಾಡು ಎಲ್ಲವೂ ಇದ್ದವು. ಆದರೆ ಆಗ ಕನ್ನಡ ಓದುವವನ ಕೈಗೆ ಬೇರೆ ಪತ್ರಿಕೆಯೇ ಇರಲಿಲ್ಲ. ನಿಮ್ಮ ಓದುಗನಿಗೆ ಬೆಳಿಗ್ಗೆ ‘ಉದಯವಾಣಿ’ ಸಿಗುತ್ತದೆ, ಅದು 1970ರಿಂದ ನಿಮ್ಮ ಮಣಿಪಾಲದಿಂದಲೇ ಬರುತ್ತಿದೆ. ಮೀನಿನ ರೇಟು ವಾಟ್ಸಾಪ್‌ನಲ್ಲಿ ಬರುತ್ತದೆ, ಅಡುಗೆ ಯೂಟ್ಯೂಬ್‌ನಲ್ಲಿ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕೊಡುವ ಕೆಲಸವನ್ನು ಬೇರೆಯವರು ನಿಮಗಿಂತ ಬೇಗ, ಪುಕ್ಕಟೆಯಾಗಿ ಮಾಡುತ್ತಿದ್ದಾರೆ.

ಹಾಗಂತ ಒಂದು ವಿಷಯ ಹಿಡಿಯಿರಿ ಅಂತಲೂ ನಾನು ಹೇಳುವುದಿಲ್ಲ. ಯಕ್ಷಗಾನವನ್ನೇ ಹಿಡಿದಿರಿ ಅನ್ನಿ. ಪ್ರಸಂಗದ ನಡೆ, ಭಾಗವತರ ಹಾಡುಗಾರಿಕೆ, ಅರ್ಥಗಾರಿಕೆಯ ಬಗ್ಗೆ ಓದಬೇಕೆನ್ನುವವನು ಒಬ್ಬ. ಇವತ್ತು ಆಟ ಎಲ್ಲಿದೆ ಅಂತಷ್ಟೇ ಬೇಕಾದವನು ಇನ್ನೊಬ್ಬ. ವಿಷಯ ಒಂದೇ ಆದರೂ ಒಬ್ಬನಿಗೆ ಬರೆದದ್ದು ಇನ್ನೊಬ್ಬನಿಗೆ ಬೇಡ. ಅದಕ್ಕೇ ಮೊದಲು ಒಬ್ಬ ಓದುಗನನ್ನು ಹಿಡಿಯಿರಿ. ವಿಷಯ ಆಮೇಲೆ ತಾನಾಗಿಯೇ ಬರುತ್ತದೆ.

ಆ ಓದುಗ ಯಾರೆಂದು ನಿಮ್ಮ ಪತ್ರದಲ್ಲೇ ಇದೆ. ‘ಮಾರ್ಚಲ್ಲಿ ಬರ್ತೇನೆ, ಆಟ ಉಂಟಾ?’ ಎಂದು ಕೇಳುವವರನ್ನು ನೀವು ಉಪದ್ರ ಅಂದುಕೊಂಡಿದ್ದೀರಿ. ನನಗೆ ನಿಮ್ಮ ಇಡೀ ಪತ್ರದಲ್ಲಿ ಕಂಡ ಬೆಲೆಬಾಳುವ ಸಾಲು ಅದೇ. ಎಷ್ಟು ಜನ ಮೇಲ್ ತೆರೆದರು ಎಂಬ ಓಪನ್ ರೇಟ್ ನೋಡಿ ಓದುಗರನ್ನು ಅಳೆಯಲು ಹೋಗಬೇಡಿ. ಮೇಲ್‌ನೊಳಗಿನ ಚಿತ್ರ ಇಳಿದರೆ ಮೇಲ್ ತೆರೆದಂತೆ ಎಂಬುದು ಆ ಲೆಕ್ಕ. ಆದರೆ 2021ರ ಸೆಪ್ಟೆಂಬರ್‌ನಿಂದ ಆಪಲ್‌ನ ಮೇಲ್ ಆ್ಯಪ್ ಆ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುತ್ತದೆ. ಹಾಗಾಗಿ ತೆರೆಯದ ಮೇಲ್ ಕೂಡ ತೆರೆದಂತೆ ಲೆಕ್ಕಕ್ಕೆ ಬರಬಹುದು. ಕೂತು ಉತ್ತರ ಬರೆದವನು ಮಾತ್ರ ನಿಜವಾಗಿ ಓದಿದವನು. ನಿಮಗೆ ಬರೆಯುತ್ತಿರುವವರೆಲ್ಲ ಊರು ಬಿಟ್ಟವರು, ವರ್ಷಕ್ಕೊಂದೆರಡು ಸಲ ಊರಿಗೆ ಬರುವವರು. ಬಂದ ನಾಲ್ಕು ದಿನ ಸುಮ್ನೆ ಕಳೆಯಬಾರದು ಅಂತ ಅವರಿಗೆ ಆಸೆ.

ಈ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಏನೇನು ಬದಲಾಗುತ್ತದೆ ನೋಡಿ. ಮೊದಲು ಬದಲಾಗುವುದು ಸಮಯ. ನೀವು ‘ಈ ವಾರ ಉಡುಪಿಯಲ್ಲಿ’ ಅಂತ ಬರೆದರೆ ಉಡುಪಿಯಲ್ಲಿರುವವನಿಗೆ ಅದು ಗೊತ್ತೇ ಇದೆ, ಮುಂಬೈಯವನಿಗೆ ಗೊತ್ತಾದರೂ ಬರಲಾಗದು. ರೈಲು ಟಿಕೆಟ್ ಮುಂಗಡ ಬುಕ್ಕಿಂಗ್ ಮೊದಲು 120 ದಿನ ಇತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ಡಿಸೆಂಬರ್ 24ಕ್ಕೆ ಮುಂಬೈಯಿಂದ ಮತ್ಸ್ಯಗಂಧ ಹತ್ತುವವನಿಗೆ ಅಕ್ಟೋಬರ್ 25ಕ್ಕೆ ಬುಕ್ಕಿಂಗ್ ತೆರೆಯುತ್ತದೆ. ರಜೆಯ ಸೀಟು ಎಷ್ಟು ಬೇಗ ಮುಗಿಯುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಅಂದರೆ ಆ ವಾರ ಊರಲ್ಲಿ ಏನಿದೆ ಎನ್ನುವುದು ಅವನಿಗೆ ಅಕ್ಟೋಬರ್ 20ರೊಳಗೆ ಗೊತ್ತಾಗಬೇಕು. ನಿಮ್ಮ ಮೇಲ್ ಎರಡು ತಿಂಗಳಿಗಿಂತ ಸ್ವಲ್ಪ ಜಾಸ್ತಿ ಮುಂದಕ್ಕೆ ನೋಡಬೇಕು. ಅಷ್ಟು ಮುಂಚೆ ವಿಚಾರಿಸಿ, ಒಂದು ಕಡೆ ಸೇರಿಸಿ ಕಳಿಸುವುದು ಪತ್ರಿಕೆಯ ಕೆಲಸವಲ್ಲ, ವಾಟ್ಸಾಪ್ ಗ್ರೂಪಿನವರಿಗೆ ಅಷ್ಟು ತಾಳ್ಮೆಯೂ ಇರುವುದಿಲ್ಲ.

ಹಾಗೆ ಮುಂದಕ್ಕೆ ನೋಡಲು ಬೇಕಾದ ಮಾಹಿತಿ ಇದೆಯೇ? ನಮ್ಮ ಕರಾವಳಿಯಲ್ಲಿ ಧಾರಾಳವಾಗಿ ಇದೆ. ಯಕ್ಷಗಾನ ಮೇಳಗಳು ದೀಪಾವಳಿ ಕಳೆದು ಹೊರಟರೆ ಮೇ ಕೊನೆಯ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಕಟೀಲು, ಮಂದಾರ್ತಿ ಮೇಳಗಳ ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಚೆ ಬುಕ್ಕಿಂಗ್ ಆಗಿರುತ್ತದೆ, ಆಡಿಸುವ ಮನೆಯವರನ್ನು ಕೇಳಿದರೆ ತಾರೀಖು ಸಿಗುತ್ತದೆ. ಕಂಬಳದ ಪಟ್ಟಿ ಸೀಸನ್‌ಗೆ ಮುಂಚೆಯೇ ಬರುತ್ತದೆ. ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ. ಆ ವಾರ ಉಡುಪಿಯಲ್ಲಿ ರೂಮ್ ಬೇಕಾದವರು ಯಾವಾಗ ಓಡಾಡಬೇಕು ಅಂತ ಹೇಳುವುದೂ ನಿಮ್ಮ ಕೆಲಸವೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಜುಲೈಯಲ್ಲಿ ಬಂದು ಮಲ್ಪೆಯ ತಾಜಾ ಅಂಜಲ್ ಬೇಕು ಅನ್ನುವವನಿಗೆ ಇದನ್ನು ಏಪ್ರಿಲ್‌ನಲ್ಲೇ ಹೇಳಿಬಿಡಿ.

ಮಳೆಗಾಲದಲ್ಲಿ ಬರೆಯಲು ಏನಿದೆ ಎಂಬ ಭಯ ನಿಮಗೆ ಬರಬಹುದು. ಲೆಕ್ಕ ಹಾಕಿ ನೋಡಿ. ಎರಡು ತಿಂಗಳು ಮುಂದಿನದ್ದನ್ನು ಬರೆಯುವವರು ಜೂನ್, ಜುಲೈಯಲ್ಲಿ ಅಷ್ಟಮಿ, ಅದರ ಮರುದಿನದ ವಿಟ್ಲಪಿಂಡಿ, ಚೌತಿಯ ಬಗ್ಗೆ ಬರೆಯುತ್ತಾರೆ. ಆಗಸ್ಟ್‌ನಲ್ಲಿ ಮಂಗಳೂರು ದಸರಾ. ಸೆಪ್ಟೆಂಬರ್‌ನಲ್ಲಿ ದೀಪಾವಳಿ, ಮೇಳಗಳ ಹೊಸ ತಿರುಗಾಟ. ನಿಜವಾಗಿ ಕೈ ಖಾಲಿಯಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ನಿಮ್ಮ ಓದುಗರಲ್ಲಿ ಅನೇಕರು ಮಕ್ಕಳ ರಜೆಗೆ ಊರಲ್ಲೇ ಇರುತ್ತಾರೆ. ಆ ಎರಡು ತಿಂಗಳು ಚಿಕ್ಕ ಮೇಲ್ ಕಳಿಸಿ, ಮಳೆಗಾಲದಲ್ಲಿ ಮನೆ ಮನೆಗೆ ಬಂದು ಯಕ್ಷಗಾನ ಆಡುವ ಚಿಕ್ಕಮೇಳದ ವಿಚಾರ ಬರೆಯಿರಿ.

ಈಗ ಸಬ್ಜೆಕ್ಟ್ ಲೈನ್. ‘ಸಂಚಿಕೆ 31: ಕರಾವಳಿಯ ಬದುಕು ಬವಣೆ’ ಎಂಬಂಥದ್ದನ್ನು ಯಾರೂ ಒತ್ತುವುದಿಲ್ಲ. ಹೀಗೆ ಬರೆದು ನೋಡಿ: ‘ಕ್ರಿಸ್‌ಮಸ್ ರಜೆಗೆ ಊರಿಗೆ ಬರ್ತೀರಾ? ಬೈಂದೂರಿನಿಂದ ಕಾಪುವಿನವರೆಗೆ ಆ ವಾರ ಏನೇನಿದೆ’. ಒಳಗೆ ಪ್ರತಿ ಕಾರ್ಯಕ್ರಮಕ್ಕೂ ಊರು, ತಾರೀಖು, ಶುರುವಾಗುವ ಹೊತ್ತು, ಹತ್ತಿರದ ರೈಲು ನಿಲ್ದಾಣ. ಆಟವಾದರೆ ಇಡೀ ರಾತ್ರಿಯದ್ದೋ ಕಾಲಮಿತಿಯದ್ದೋ ಅಂತ ತಪ್ಪದೆ ಹಾಕಿ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಬರುವವರು ಮೊದಲು ಕೇಳುವುದೇ ಅದನ್ನು.

ಬ್ಯಾಂಕುಗಳ ಇತಿಹಾಸವನ್ನು ನೀವು ಪ್ರೀತಿಯಿಂದ ಬರೆಯುತ್ತೀರೆಂದು ಕಾಣುತ್ತದೆ. ಒಳ್ಳೆಯ ವಸ್ತು, ಬಿಡುವುದು ಕಷ್ಟ. ಆದರೂ ಇಲ್ಲಿಂದ ತೆಗೆಯಿರಿ, ಮುಂದೊಂದು ದಿನ ಪುಸ್ತಕ ಮಾಡಿ. ಸೈಟಿನ ರೇಟು ಇವತ್ತೇ ತೆಗೆಯಿರಿ. ಅಡುಗೆಯಲ್ಲಿ ಊರಿಂದ ಕಟ್ಟಿಕೊಂಡು ಹೋಗಬಹುದಾದದ್ದು ಮಾತ್ರ ಇರಲಿ. ಮಟ್ಟುಗುಳ್ಳ ಬದನೆ ಯಾವಾಗ ಸಿಗುತ್ತದೆ, ಎಲ್ಲಿ ಸಿಗುತ್ತದೆ ಎಂಬಂಥದ್ದು.

ಇಂಗ್ಲಿಷ್ ಬೇಡ. ವಿಡಿಯೊ ಸದ್ಯಕ್ಕೆ ಬೇಡ.

ದುಡ್ಡಿನ ವಿಚಾರ. ಚಂದಾ ಇಡಲು ಅವಸರ ಮಾಡಬೇಡಿ. ನ್ಯೂಸ್‌ಲೆಟರ್ ಕಳಿಸುವ ವೇದಿಕೆಯಾದ ಸಬ್‌ಸ್ಟ್ಯಾಕ್ ಚಂದಾ ಹಣದಲ್ಲಿ ಶೇ 10 ತನಗೆ ಇಟ್ಟುಕೊಳ್ಳುತ್ತದೆ, ಹಣ ಪಡೆಯಲು ಸ್ಟ್ರೈಪ್ ಎಂಬ ಪಾವತಿ ಕಂಪನಿಯ ಖಾತೆಯೂ ಬೇಕು. ಭಾರತದಲ್ಲಿ 2024ರಿಂದ ಸ್ಟ್ರೈಪ್ ತಾನಾಗಿ ಕರೆದವರಿಗೆ ಮಾತ್ರ ಖಾತೆ ಕೊಡುತ್ತಿದೆ. ಮೊದಲ ಆದಾಯ ಜಾಹೀರಾತಿನಿಂದಲೇ ಬರಲಿ. ಆದರೆ ಸೈಟಿನವರದ್ದು ನಾನಾಗಿದ್ದರೆ ತೆಗೆದುಕೊಳ್ಳುವುದಿಲ್ಲ. ರಿಯಲ್ ಎಸ್ಟೇಟ್ ಕಾಯ್ದೆ ರೇರಾದಡಿ ನೋಂದಣಿ ಬೇಕಾದ ಪ್ರಾಜೆಕ್ಟನ್ನು ನೋಂದಣಿಗೆ ಮುಂಚೆ ಜಾಹೀರಾತು ಮಾಡುವುದೇ ಕಾನೂನಿಗೆ ವಿರುದ್ಧ. ನೋಂದಣಿ ಇದ್ದರೂ ದುಬೈಯಲ್ಲಿ ಕೂತವನು ಜಾಗ ನೋಡದೆ ನಿಮ್ಮ ಮಾತು ನಂಬಿ ಮುಂಗಡ ಕೊಡುತ್ತಾನೆ. ಆ ಭಾರ ನಿಮಗೆ ಬೇಡ. ಊರಿಗೆ ಬಂದವನು ಆ ನಾಲ್ಕು ದಿನದಲ್ಲೇ ಖರ್ಚು ಮಾಡುವ ಕಡೆ ಹೋಗಿ ಕೇಳಿ. ಬಾಡಿಗೆ ಕಾರಿನವರು, ಹೋಮ್‌ಸ್ಟೇಯವರು, ಗೃಹಪ್ರವೇಶ, ಉಪನಯನಕ್ಕೆ ಅಡುಗೆ ಮಾಡಿಕೊಡುವವರು. ವಿಶೇಷವಾಗಿ ಅಡುಗೆಯವರು. ದೂರದಲ್ಲಿ ಕೂತು ಊರ ಮನೆಯಲ್ಲಿ ಕಾರ್ಯಕ್ರಮ ಮಾಡಿಸುವವರಿಗೆ ನಂಬಿಕೆಯ ಅಡುಗೆಯವರು ಸಿಗುವುದೇ ದೊಡ್ಡ ತಲೆನೋವು. ಜಾಹೀರಾತು ಅಂತ ಸ್ಪಷ್ಟವಾಗಿ ಮೇಲೆ ಬರೆದು ಹಾಕಿ.

ಇರುವ 900 ಜನರಿಗೆ ಬದಲಾವಣೆಯನ್ನು ನೇರವಾಗಿ ಹೇಳಿ. ಇನ್ನು ಮುಂದೆ ಇದು ಊರಿಗೆ ಬರುವವರಿಗಾಗಿ, ಬೇಡದವರು ಕೆಳಗಿನ ಅನ್‌ಸಬ್‌ಸ್ಕ್ರೈಬ್ ಒತ್ತಬಹುದು ಅಂತ. ಒಂದಷ್ಟು ಜನ ಹೋಗುತ್ತಾರೆ, ಹೋಗಲಿ. ಉಳಿದವರಿಗೆ ಅದೇ ಮೇಲ್‌ನಲ್ಲಿ ಕೇಳಿ: ಮುಂದಿನ ಸಲ ಯಾವಾಗ ಬರ್ತೀರಿ, ಯಾವ ಊರಿಗೆ, ಎಷ್ಟು ದಿನಕ್ಕೆ? ಬಂದ ಉತ್ತರಗಳನ್ನು ತಿಂಗಳು ಮತ್ತು ತಾಲ್ಲೂಕಿನ ಪ್ರಕಾರ ಬರೆದಿಟ್ಟುಕೊಳ್ಳಿ. ಕುಂದಾಪುರ, ಬೈಂದೂರು ಕಡೆಯವರೇ ಜಾಸ್ತಿ ಇದ್ದರೆ ಮಂಗಳೂರನ್ನು ಈ ವರ್ಷದ ಮಟ್ಟಿಗೆ ಬಿಟ್ಟುಬಿಡಿ.