ಸಿಂಧನೂರು ಹತ್ತಿರ ಇದೀವಿ, 10 ತಿಂಗಳ ಮಗು ಎರಡು ತಿಂಗಳಿಂದ ತೂಕ ಏರಿಲ್ಲ, ಏನು ತಿನ್ನಿಸಬೇಕು?

ಮೊದಲು ಚಾದಲ್ಲಿ ಬಿಸ್ಕತ್ತು ಅದ್ದಿ ಕೊಡೋದು ನಿಲ್ಲಿಸಿ. ನಮ್ಮ ಕಡೆ ಅಜ್ಜಿಯರು ಪ್ರೀತಿಯಿಂದಲೇ ಕೊಡ್ತಾರೆ, ಆದರೆ ಚಾ ಕುಡಿದರೆ ಊಟದ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತೋದಿಲ್ಲ, ಹಸಿವೂ ಸಾಯುತ್ತೆ. ಬರೀ ಬೇಳೆ ತಿಳಿಯೂ ಸಾಲದು. ಬಿಸಿ ಜೋಳದ ರೊಟ್ಟಿಯ ಮೆತ್ತನೆ ಭಾಗ ಮುರಿದು, ಬೆಂದ ಬೇಳೆಯಲ್ಲಿ ಚೆನ್ನಾಗಿ ಕಿವುಚಿ, ಒಂದು ಚಮಚ ತುಪ್ಪ ಇಲ್ಲವೇ ಶೇಂಗಾ ಎಣ್ಣೆ ಹಾಕಿ, ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿ ಇರಲಿ. ದಿನಕ್ಕೆ ಮೂರ್ನಾಲ್ಕು ಸಲ. ಎದೆಹಾಲು ಬಿಡಿಸಬೇಡಿ.

ಎರಡು ತಿಂಗಳು ತೂಕ ನಿಂತಿದೆ ಅಂದರೆ ಮಕ್ಕಳ ಡಾಕ್ಟರಿಗೂ ಒಮ್ಮೆ ತೋರಿಸಿ. ವರ್ಷ ತುಂಬುವಾಗ ಹುಟ್ಟಿದ ತೂಕದ ಸುಮಾರು 3 ಪಟ್ಟು ಆಗಿರಬೇಕು ಅಲ್ವಾ. ಅಂಗನವಾಡಿಯಲ್ಲಿ ಮಗುವಿನ ತೋಳಿನ ಸುತ್ತಳತೆ ನೋಡೋ ಬಣ್ಣದ ಪಟ್ಟಿ ಸುತ್ತಿಸಿ, ಅಳತೆ 11.5 ಸೆಂ.ಮೀ.ಗಿಂತ ಕಡಿಮೆ, ಅಂದರೆ ಕೆಂಪು ಬಂದರೆ, ಸುಮ್ನೆ ಕಾಯದೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.