ಮುದ್ದೆಯಾಗುವುದಕ್ಕೆ ಕೋಡ್ ಕಾರಣವಲ್ಲ

ಕಾರವಾರದಿಂದ ಕೇಳಿದ್ದೀರಿ: ಮಾಂಟೆ ಕಾರ್ಲೊ (ಕಣಗಳನ್ನು ಯಾದೃಚ್ಛಿಕವಾಗಿ ಕದಲಿಸಿ ನೋಡುವ ಕಂಪ್ಯೂಟರ್ ವಿಧಾನ) ಸಿಮ್ಯುಲೇಶನ್‌ನಲ್ಲಿ 50 ಗೋಳಗಳು, 100 ಜೋಡಿಕಣಗಳು (ಒಂದು ಸಣ್ಣ, ಒಂದು ದೊಡ್ಡ ತಲೆ ಅಂಟಿಕೊಂಡಿರುವ ಕಣಗಳು). ಜೋಡಿಕಣದ ಸಣ್ಣ ತಲೆಗೆ ಮಾತ್ರ ಗೋಳದ ಮೇಲೆ ಆಕರ್ಷಣೆ, ಅದೂ 10 ಕೆ.ಟಿ. (ಕೆ.ಟಿ. ಎಂದರೆ ಆ ತಾಪದಲ್ಲಿ ಕಣಗಳ ಕದಲಾಟದ ಶಕ್ತಿಯ ಅಳತೆ). ಪ್ರತಿ ಗೋಳಕ್ಕೂ ಹೊದಿಕೆ ಬೀಳುವ ಬದಲು ಎಲ್ಲವೂ ಒಂದೇ ಮುದ್ದೆಯಾಗುತ್ತಿದೆ, ಕೋಡ್ ತಪ್ಪಿದೆಯೇ ಎಂದು.

ಕೋಡ್ ಅಲ್ಲ, ಲೆಕ್ಕಾಚಾರ ತಪ್ಪಿದೆ ಎನಿಸುತ್ತದೆ. ಗೋಳಕ್ಕೆ ಎರಡೇ ಜೋಡಿಕಣ ಸಿಕ್ಕರೆ ಮೈಯೆಲ್ಲ ಬರಿದಾಗಿಯೇ ಉಳಿಯುತ್ತದೆ. ಆಗ ಒಂದೇ ಸಣ್ಣ ತಲೆ ಪಕ್ಕದ ಗೋಳವನ್ನೂ ಹಿಡಿದು ಸೇತುವೆ ಕಟ್ಟುತ್ತದೆ. ಜೋಡಿಕಣಗಳನ್ನು ಹಲವು ಪಟ್ಟು ಹೆಚ್ಚಿಸಿ ನೋಡಿ. ಬನವಾಸಿಯ ಕಡೆ ಕದಂಬದ ಹೂವು ನೋಡಿದ್ದೀರಲ್ಲ, ಹಾಗೆಯೇ: ಸಣ್ಣ ತಲೆಗಳು ಒಳಗೆ ಕಚ್ಚಿಕೊಂಡು, ದೊಡ್ಡ ತಲೆಗಳು ಸುತ್ತ ಹೊರಚಾಚಿ, ಇನ್ನೊಂದು ಗೋಳ ಹತ್ತಿರ ಸುಳಿಯದಂತೆ ತಡೆಯುತ್ತವೆ.

ಇನ್ನು ಆ 10. ಕಣದ ಪ್ರತಿ ನಡೆಯನ್ನು ಒಪ್ಪಬೇಕೇ ಬೇಡವೇ ಎಂದು ತೀರ್ಮಾನಿಸುವ 1953ರ ಮೆಟ್ರೊಪೊಲಿಸ್ ನಿಯಮದಂತೆ, ಅಷ್ಟು ಶಕ್ತಿಯ ಬಂಧ ಬಿಡಿಸುವ ನಡೆಗೆ ಸುಮಾರು 22,000 ಪ್ರಯತ್ನಗಳಲ್ಲಿ ಒಮ್ಮೆ ಒಪ್ಪಿಗೆ ಸಿಗುತ್ತದೆ. 5ಕ್ಕೆ ಇಳಿಸಿದರೆ ಸುಮಾರು 150ಕ್ಕೆ ಒಂದು. ತಪ್ಪಾಗಿ ಅಂಟಿದ ಕಣ ಬಿಟ್ಟು ಬಂದು ಸರಿಯಾದ ಜಾಗ ಹುಡುಕಲು ಆ ಸಡಿಲ ಬೇಕು. ಹೆಚ್ಚಿನ ತಾಪದಲ್ಲಿ ಆರಂಭಿಸಿ ನಿಧಾನವಾಗಿ ತಣಿಸಿ. ಒಮ್ಮೆಲೇ ತಣಿಸಿದರೆ ಮತ್ತೆ ಮುದ್ದೆಯೇ. ಒಂದೊಂದೇ ಕಣವನ್ನು ಕದಲಿಸುವುದರ ಜೊತೆಗೆ ಇಡೀ ಗುಂಪನ್ನು ಸರಿಸುವ ನಡೆಗಳನ್ನೂ ಸೇರಿಸಿ.

ಸ್ಥಿತಿಯನ್ನು ಆಗಾಗ ಕಡತದಲ್ಲಿ ಉಳಿಸುತ್ತಿರಿ. ಶಿರಸಿಯ ಮಳೆಗಾಲದಲ್ಲಿ ಕರೆಂಟ್ ಹೋಗಿ ನನ್ನ ಮೂರು ದಿನಗಳ ಓಟ ಮಣ್ಣುಪಾಲಾಗಿತ್ತು.